ಕೂಟಕ್ಕೆ ರೆಡ್ ವೈನ್ ತರುವವರ ಗಮನಕ್ಕೆ

ಸದಸ್ಯರೇ, 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ಯಂತೆ ಐದು ಗ್ಲಾಸ್ ಸಿಗುತ್ತದೆ. ಕುಡಿಯುವವರು ಹತ್ತು ಜನ, ತಲಾ ಎರಡು ಗ್ಲಾಸ್ ಎಂದರೆ ನಾಲ್ಕು ಬಾಟಲಿ ಸಾಕು. ವಾಹನ ಓಡಿಸುವವರನ್ನು ಲೆಕ್ಕಕ್ಕೆ ಸೇರಿಸಬೇಡಿ.

ಕಡಿಮೆ ಬೆಲೆಯಲ್ಲಿ ಮೆರ್ಲೋ ಅಥವಾ ಗ್ರೆನಾಶ್ ತಳಿಯ ದ್ರಾಕ್ಷಿಯ ವೈನ್ ನೋಡಿ. ಒಗರು ಕಡಿಮೆ, ಹೊಸಬರಿಗೂ ಹಿಡಿಸುತ್ತದೆ. ಕ್ಯಾಬರ್ನೆ ತಳಿಯ ಅಗ್ಗದ ವೈನ್ ಕೆಲವೊಮ್ಮೆ ನಾಲಿಗೆ ಒಣಗಿಸುತ್ತದೆ. ಲೇಬಲ್‌ನಲ್ಲಿ ದ್ರಾಕ್ಷಿ ಕೊಯ್ಲಿನ ವರ್ಷ ನೋಡಿ: ಅಗ್ಗದ ವೈನ್ ಇಟ್ಟಷ್ಟೂ ರುಚಿಯಾಗುವುದಿಲ್ಲ, ಎರಡು ಮೂರು ವರ್ಷದೊಳಗಿನದ್ದೇ ಇರಲಿ. ತಿರುಗಿಸುವ ಮುಚ್ಚಳ ಕಂಡು ಮೂಗು ಮುರಿಯಬೇಡಿ. ಕೆಟ್ಟ ಕಾರ್ಕ್‌ನಿಂದ ಬರುವ ಒದ್ದೆ ರಟ್ಟಿನ ವಾಸನೆಯ ಕಾಟ ಅದಕ್ಕಿಲ್ಲ.

ಸುರಿಯುವ ಅರ್ಧ ಗಂಟೆ ಮೊದಲು ಫ್ರಿಜ್‌ನಲ್ಲಿಡಿ. ಸುಮಾರು 16 ಡಿಗ್ರಿ ಸೆಲ್ಸಿಯಸ್ ಸರಿ. ಬೆಚ್ಚಗಿದ್ದರೆ ಆಲ್ಕೋಹಾಲ್ ಘಾಟೇ ಮುಂದಾಗುತ್ತದೆ. ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.