ಒಂದೇ ಸಾಲಿಗೆ ಒಂದೇ ಅರ್ಥ ಯಾಕೆ?

ಮಾನ್ಯರೇ,

ವಚನ, ಕವಿತೆಗಳಿಗೆ ಗೈಡಿನಲ್ಲಿರುವ ಅರ್ಥ ಬರೆದರೆ ಮಾತ್ರ ಮಕ್ಕಳಿಗೆ ಅಂಕ ಸಿಗುತ್ತಿದೆ, ಇದು ನಿಲ್ಲಬೇಕು. ಮೊನ್ನೆ ಒಂಬತ್ತನೇ ತರಗತಿಯ ನನ್ನ ಮಗಳು ‘ಕಾಯಕವೇ ಕೈಲಾಸ’ ಎಂಬ ಮಾತನ್ನು ವಿವರಿಸುತ್ತಾ, ತೊಗರಿ ರಾಶಿ ಮಾಡಿ ಬಂದ ಅಜ್ಜಿಯ ಒಡೆದ ಅಂಗೈ ಬಗ್ಗೆ ಬರೆದಿದ್ದಳು. ಆ ಕೈಗೆ ಬೆಲೆ ಸಿಕ್ಕರೆ ಅದೇ ಕೈಲಾಸ ಅಂತ. ಅದರ ಮೇಲೆ ಕೆಂಪು ಪೆನ್ನಿನ ಗೀಟು, ಐದಕ್ಕೆ ಒಂದು ಅಂಕ.

ಅದೇ ಮಾತನ್ನು ಮನೆಯಲ್ಲಿ ಎಲ್ಲರಿಗೂ ಕೇಳಿದೆ. ಅತ್ತೆಗೆ ಅದು ದಣಿವು ಮರೆಸುವ ಮಾತು. ಪುಣೆಗೆ ಗೌಂಡಿ ಕೆಲಸಕ್ಕೆ ಹೋಗುವ ಮೈದುನನಿಗೆ ಬಾಕಿ ಉಳಿದ ಕೂಲಿ ನೆನಪಾಯಿತು, ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಯಜಮಾನರಿಗೆ ಟೈಮಿಗೆ ಸರಿಯಾಗಿ ಹೋಗುವುದು. ಯಾರೂ ಸುಳ್ಳು ಹೇಳಲಿಲ್ಲ, ಅಲ್ವಾ? ಅವರವರ ಬದುಕು, ಸ್ವಭಾವ ಓದಿನ ಜೊತೆಗೇ ಬರುತ್ತದೆ. ಹಾಗಂತ ಏನು ಬರೆದರೂ ಸರಿ ಅನ್ನುತ್ತಿಲ್ಲ, ಸಾಲಿನಲ್ಲಿರುವ ಪದಗಳಿಗೆ ಅದು ಹೊಂದಬೇಕು. 12ನೇ ಶತಮಾನದಲ್ಲಿ ನಮ್ಮ ಇದೇ ಕಲ್ಯಾಣದಲ್ಲಿ ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಚಪ್ಪಲಿ ಹೊಲಿಯುವವರು ಒಟ್ಟಿಗೆ ಕೂತಿದ್ದರು, ಒಬ್ಬೊಬ್ಬರೂ ತಮ್ಮ ಕಾಯಕದ ಕಣ್ಣಿನಿಂದಲೇ ಮಾತಾಡಿದರು.

ಕನ್ನಡ ಪರೀಕ್ಷೆಯಲ್ಲಿ ‘ನಿನಗೆ ಏನನ್ನಿಸಿತು, ಯಾಕೆ?’ ಎಂಬ ಒಂದು ಪ್ರಶ್ನೆಯಾದರೂ ಇರಲಿ. ಮಗು ಕೊಡುವ ಕಾರಣ ನೋಡಿ ಅಂಕ ಕೊಡಲಿ. ಶಿಕ್ಷಣ ಇಲಾಖೆಯವರು ಮುಂದಿನ ಕಿರುಪರೀಕ್ಷೆಯಲ್ಲೇ ಇದನ್ನು ಬೀದರ್ ಜಿಲ್ಲೆಯಿಂದ ಶುರು ಮಾಡಬಹುದು.

– ಒಬ್ಬ ತಾಯಿ, ಬಸವಕಲ್ಯಾಣ