ಭಾನುವಾರ ಟೇಪು ಹಿಡಿದು ನಡೆಯೋಣ, ಬನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಮೈಸೂರು ರೈಲು ನಿಲ್ದಾಣದ ಮುಂದೆ ಸೇರೋಣ. ಅಲ್ಲಿಂದ ಧನ್ವಂತರಿ ರಸ್ತೆ ಹಿಡಿದು ದೇವರಾಜ ಮಾರುಕಟ್ಟೆವರೆಗೆ ಫುಟ್‌ಪಾತ್ ಅಳೆಯುತ್ತಾ ನಡಿಗೆ.

ದೂರ ಜಾಸ್ತಿ ಏನಿಲ್ಲ. ಆದರೆ ಚಪ್ಪಡಿ ಎದ್ದಿದ್ದರೆ, ಫುಟ್‌ಪಾತ್ ಮೇಲೆ ಬೈಕು ನಿಂತಿದ್ದರೆ ವಯಸ್ಸಾದವರು ರಸ್ತೆಗೆ ಇಳಿಯಲೇಬೇಕು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ನಡೆಯಲು ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು. ರಸ್ತೆಯಿಂದ ಫುಟ್‌ಪಾತ್‌ನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಟೇಪು ಇದ್ದವರು ತನ್ನಿ. ಕಂಬ, ಟ್ರಾನ್ಸ್‌ಫಾರ್ಮರ್ ಇರುವ ಕಡೆ ಪಕ್ಕದಲ್ಲಿ ಉಳಿಯುವ ಜಾಗವನ್ನಷ್ಟೇ ಅಳೆಯಿರಿ. ಪೂರ್ತಿ ಅಗಲ ಬರೆದುಕೊಂಡರೆ ಸುಮ್ನೆ ಶ್ರಮ.

ಸೈಕಲ್ ಇರುವವರು ಸೈಕಲ್‌ನಲ್ಲೇ ಬನ್ನಿ. 2017ರಲ್ಲಿ ಟ್ರಿಣ್ ಟ್ರಿಣ್ ಶುರುವಾಗಿ ಊರಿಗೆ ಬಾಡಿಗೆ ಸೈಕಲ್ ಬಂತು, ಸಂತೋಷ. ಭಯವಿಲ್ಲದೆ ತುಳಿಯುವ ದಾರಿಯೂ ಬೇಕಲ್ವಾ? ಎಲ್ಲೆಲ್ಲಿ ಇಳಿದು ತಳ್ಳಬೇಕಾಯಿತು ಅಂತ ಗುರುತು ಮಾಡಿಕೊಳ್ಳಿ. ನನಗೆ ಅದೇ ಮುಖ್ಯ.

ಬೀದಿ ವ್ಯಾಪಾರಿಗಳ ಜೊತೆ ವಾದ ಬೇಡ. ಅವರಿಗೂ ಜಾಗ ಬೇಕು, ಅವರಿದ್ದರೆ ಸಂಜೆ ಹೊತ್ತು ನಡೆಯಲು ಧೈರ್ಯ.

ಫೋಟೊ ಹಾಕುವಾಗ ಜಾಗದ ಗುರುತು ಬರೆಯಿರಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ.