ಮೀನು ಸತ್ತರೆ ಸಾಕಿದವರೇ ಹೊಣೆಯೇ?

ಮಾನ್ಯ ಸಂಪಾದಕರೇ,

ಮೀನುಗಳ ಸಾಮೂಹಿಕ ಸಾವಿನ ಕುರಿತು ತಮ್ಮ ಪತ್ರಿಕೆಯಲ್ಲಿ ನಿನ್ನೆ ಪ್ರಕಟವಾದ ವರದಿಯಲ್ಲಿ, ಸಾಕಣೆದಾರರು ಮಿತಿಮೀರಿ ಆಹಾರ ಸುರಿದು ನೀರು ಕೆಡಿಸಿದ್ದೇ ಇದಕ್ಕೆ ಕಾರಣವೆಂದು ಅಧಿಕಾರಿಗಳು ಹೇಳಿರುವುದನ್ನು ಓದಿ ಸಂಕಟವೂ ಸಿಟ್ಟೂ ಒಟ್ಟಿಗೇ ಬಂದವು. ಸತ್ತವುಗಳಲ್ಲಿ ನನ್ನ ಕೊಳದ ಮೀನುಗಳೂ ಇವೆ. ಉಳಿದ ಆಹಾರ ಕೊಳೆತರೆ ಅಮೋನಿಯಾ ಹೆಚ್ಚುತ್ತದೆ, ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಕುಸಿಯುತ್ತದೆ ಎಂಬುದು ನಮಗೂ ಗೊತ್ತು. ಮೋಡ ಕವಿದ ದಿನ ಆಹಾರ ಕಡಿಮೆ ಮಾಡುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆಮ್ಲಜನಕ ಸಾಲದ ಮೀನು ಮೇಲೆ ಬಂದು ಬಾಯಿ ಬಿಡುತ್ತಾ ರಾತ್ರಿ ಬೆಳಗಾಗುವುದರೊಳಗೆ ಸಾಯುತ್ತದೆ. ನಮ್ಮ ಮೀನುಗಳಾದರೋ ವಾರಗಟ್ಟಲೆ ಮೇವು ಬಿಟ್ಟು, ಸೊರಗಿ ಸತ್ತವು. ಸೀಳಿ ನೋಡಿದರೆ ಯಕೃತ್ತು ಬಿಳಿಚಿತ್ತು, ಕೆಲವು ಮರಿಗಳ ಬೆನ್ನುಮೂಳೆಯೇ ಸೊಟ್ಟಗಾಗಿತ್ತು. ಅನುಮಾನದಿಂದ, ಉಳಿದಿದ್ದ ಮೀನಿನ ಆಹಾರದ ಮೂಟೆಗಳನ್ನು ಬಿಚ್ಚಿದಾಗ ಕಮಟು ವಾಸನೆ ಮೂಗಿಗೆ ಬಡಿಯಿತು. ತಳದ ಗುಳಿಗೆಗಳು ಹಸಿರು ಬೂಷ್ಟು ಹಿಡಿದು ಹೆಂಟೆಗಟ್ಟಿದ್ದವು. ನೀರನ್ನು ಬಾಟಲಿಗೆ ತುಂಬಿಕೊಂಡು ಹೋದ ಸಿಬ್ಬಂದಿ ಆ ಮೂಟೆಗಳತ್ತ ತಿರುಗಿಯೂ ನೋಡಲಿಲ್ಲ.

ಬೂಷ್ಟಿನ ವಿಷ ಹೊಸ ಸಂಗತಿಯಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ರಾಶಿರಾಶಿಯಾಗಿ ಸತ್ತ ಮೇಲೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಪತ್ತೆಯಾಯಿತು. ಅಮೆರಿಕದ ಸಾಕಣೆ ಕೇಂದ್ರಗಳ ರೈನ್‌ಬೋ ಟ್ರೌಟ್ ಮೀನುಗಳಿಗೆ ಯಕೃತ್ತಿನ ಗಡ್ಡೆಯಾದುದಕ್ಕೂ ಅದೇ ವಿಷ ಸೇರಿದ ಹತ್ತಿಬೀಜದ ಹಿಂಡಿ ಕಾರಣವಾಗಿತ್ತು. ಹಿಂಡಿಯಲ್ಲಿ ವಿಷ ಸೇರಿದ್ದರೆ ಗುಳಿಗೆ ತಯಾರಿಸುವಾಗಿನ ಬಿಸಿಗೂ ಅದು ಪೂರ್ತಿ ನಾಶವಾಗದು, ಕಣ್ಣಿಗೂ ಕಾಣದು. ಮೀನುಗಳಲ್ಲಿ ಹೆಚ್ಚಿನವು ತಮಗೆ ಬೇಕಾದ ಸಿ ಜೀವಸತ್ವವನ್ನು ತಾವೇ ತಯಾರಿಸಿಕೊಳ್ಳಲಾರವು. ಸಾಮಾನ್ಯ ರೂಪದ ಆ ಜೀವಸತ್ವ ದಾಸ್ತಾನಿನಲ್ಲಿ ಬೇಗ ನಶಿಸುತ್ತದೆ, ಅದರ ಕೊರತೆಯಿಂದಲೂ ಬೆನ್ನು ಬಾಗುತ್ತದೆ. ನೆರೆಯ ಸಿಗಡಿ ಸಾಕಣೆದಾರರ ಪಾಡೂ ಇದೇ. ಸಿಗಡಿಗೆ ಪೊರೆ ಕಳಚಲು ಬೇಕಾದ ಕೊಲೆಸ್ಟರಾಲ್ ಆಹಾರದಿಂದಲೇ ಸಿಗಬೇಕು, ಅದು ನಿಧಾನವಾಗಿ ಕಚ್ಚಿ ತಿನ್ನುವ ಪ್ರಾಣಿಯಾದ್ದರಿಂದ ಗುಳಿಗೆ ನೀರಿನಲ್ಲಿ ಎರಡು ತಾಸಾದರೂ ಗಟ್ಟಿಯಾಗಿ ನಿಲ್ಲಬೇಕು; ಅವರಿಗೆ ಬಂದ ಗುಳಿಗೆಗಳು ತಟ್ಟೆಯಲ್ಲಿಟ್ಟು ನೀರಿಗೆ ಇಳಿಸುತ್ತಿದ್ದಂತೆಯೇ ಕರಗಿ ಹೋಗುತ್ತಿದ್ದವು.

ಮೂಟೆಯ ಮೇಲೆ ಅಚ್ಚಾದ ಪ್ರೋಟೀನ್ ಪ್ರಮಾಣವನ್ನೇ ಪ್ರಮಾಣಪತ್ರವೆಂದು ತೋರಿಸುವ ಅಧಿಕಾರಿಗಳಿಗೆ ಒಂದು ಮಾತು: ಆ ಅಂಕಿ ಬರುವುದು ಸಾರಜನಕವನ್ನು ಅಳೆದು 6.25ರಿಂದ ಗುಣಿಸಿ. ಪ್ರೋಟೀನ್ ಅಲ್ಲದಿದ್ದರೂ ಸಾರಜನಕವಿರುವ ಯೂರಿಯಾ ಬೆರೆಸಿದರೂ ಅಂಕಿ ಏರುತ್ತದೆ. 2007ರಲ್ಲಿ ಸಾಕುಪ್ರಾಣಿಗಳ ಆಹಾರಕ್ಕೆ ಅಂಥದೇ ಸಾರಜನಕಭರಿತ ರಾಸಾಯನಿಕವಾದ ಮೆಲಮೈನ್ ಸೇರಿದ ಹಗರಣ ಬಯಲಾದಾಗಲೇ ಈ ಮೋಸ ಜಗತ್ತಿಗೆ ತಿಳಿದಿದೆ.

ಆಹಾರದ ಮಾದರಿ ಪರೀಕ್ಷಿಸಿ ಎಂದು ಈ ಹಿಂದೆಯೂ ಅರ್ಜಿ ಕೊಟ್ಟಿದ್ದೆವು. ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿದರು, ಕೊನೆಗೆ ಕಡತವೇ ಸಿಗುತ್ತಿಲ್ಲ ಎಂದರು. ತರಬೇತಿ ಶಿಬಿರಗಳಲ್ಲಿ ಮಾತ್ರ ಗುಣಮಟ್ಟದ ಆಹಾರ ಬಳಸಿ ಎಂಬ ಉಪದೇಶಕ್ಕೆ ಕೊನೆಯಿಲ್ಲ. ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಹಾರಕ್ಕೇ ಹೋಗುತ್ತದೆ. ಅಷ್ಟನ್ನು ಸುರಿದು, ಸತ್ತ ಮೀನನ್ನು ಹೂಳಲು ಕೂಲಿಯನ್ನೂ ತೆತ್ತು, ಮೇಲೆ ಅಪವಾದವನ್ನೂ ನಾವೇ ಹೊರಬೇಕೇ?

ಇನ್ನಾದರೂ ಮೂಟೆಗಳ ಮಾದರಿ ತೆಗೆದು ಪರೀಕ್ಷಿಸಲಿ, ಕೆಟ್ಟ ಆಹಾರ ಮಾರಿದವರ ಮೇಲೆ ಕ್ರಮ ಕೈಗೊಳ್ಳಲಿ, ನಷ್ಟ ಕಟ್ಟಿಕೊಡಲಿ. ಅದಕ್ಕೂ ಮೊದಲು, ಕೊಳದ ದಂಡೆಗೂ ಬಾರದೆ ನಮ್ಮ ಮೇಲೆ ತಪ್ಪು ಹೊರಿಸಿದವರು ತಮ್ಮ ಹೇಳಿಕೆಯನ್ನು ಹಿಂದಕ್ಕೆ ಪಡೆಯಲಿ. ಅಷ್ಟೂ ಮಾಡಲಾಗದಿದ್ದರೆ ಅವರು ಆ ಹುದ್ದೆಯಲ್ಲಿ ಏಕಿರಬೇಕು?

– ನೊಂದ ಮೀನು ಸಾಕಣೆದಾರ